ಬ್ರೇಸ್ತಾರ

ಪಾಳಿಯ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು:
ಚಂದ್ರಭಾಗಾ ದುರ್ಗೇಕರ, ಐವತ್ತೆರಡು, ಬೈತಖೋಲ.
ಐಸ್ ಪ್ಲಾಂಟಿನ ಅರ್ಧ ಇಳಿದ ಶಟರ್ ಹಣೆಗೆ ತಾಗಿದೆ.
ಎಚ್ಚರ ತಪ್ಪಿಲ್ಲ. ವಾಂತಿ ಇಲ್ಲ. ಗಾಯ ಇಲ್ಲ.
ಎದೆಯಲ್ಲಿ ಲೋಹದ ಕವಾಟ, ಒಂಬತ್ತು ವರ್ಷದ್ದು.
ರಕ್ತ ತೆಳುವಾಗಿಸುವ ಗುಳಿಗೆ, ದಿನಕ್ಕೊಂದು, ಸಂಜೆ.

ಕೊನೆಯ ಸಾಲಿನ ಕೆಳಗೆ ಡಾಕ್ಟರು ಕೆಂಪು ಗೆರೆ ಎಳೆದರು.

"ಒಂದು ತೊಟ್ಟೂ ರಕ್ತ ಬಂದಿಲ್ಲ ಸಿಸ್ಟರ್,
ತಲೆಯ ಮೇಲೆ ಬುಟ್ಟಿ ಇದ್ದಿದ್ದರೆ ಬುಟ್ಟಿಗೇ ಬಡಿಯುತ್ತಿತ್ತು.
ಆಗಷ್ಟೇ ಇಳಿಸಿದ್ದೆ, ಸಿಂಬೆ ಇನ್ನೂ ಕೈಯಲ್ಲೇ ಇತ್ತು.
ಐಸ್ ಒತ್ತಿಕೊಂಡೆ, ಅಲ್ಲಿ ಅದಕ್ಕೇನು ಬರ?
ಉಳಿದ ಬಂಗಡೆ ಮಾರಿಯೇ ಬಂದೆ."

ಮಾರಿಯೇ ಬಂದೆ. ಅಂದರೆ ನಾಲ್ಕು ತಾಸು.
ಹೊರಗೆ ಬಂದ ರಕ್ತವನ್ನು ಒತ್ತಿ ಹಿಡಿಯಬಹುದು.
ಬರದ ರಕ್ತವನ್ನು ಕಾಯಬೇಕು,
ತಾಸಿಗೊಮ್ಮೆ, ಟಾರ್ಚು ಹಿಡಿದು.
ಮೊದಲ ಸ್ಕ್ಯಾನು ನೋಡಿ "ಈಗ ಏನಿಲ್ಲ" ಅಂದರು ಡಾಕ್ಟರು.
ಆ "ಈಗ"ವನ್ನು ನನ್ನ ಕೈಗೆ ಕೊಟ್ಟು ಒರಗಲು ಹೋದರು.

ನಮ್ಮ ರೋಣದಲ್ಲಿ ಅವ್ವ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ
ಅಲುಗಿಸಬ್ಯಾಡ ಅನ್ನುತ್ತಿದ್ದಳು.
ನರ್ಸಿಂಗಿನ ಪುಸ್ತಕದಲ್ಲೂ ಅದೇ ಪದ.
ಈಕೆಯ ಕವಾಟಕ್ಕೆ ಹೆಪ್ಪು ಬೇಡವೇ ಬೇಡ.
ಸಾಸಿವೆಯಷ್ಟು ಕಟ್ಟಿದರೂ ಬಾಯಿ ಸೊಟ್ಟಗಾದೀತು.
ತಲೆಬುರುಡೆಯೊಳಗೆ ಕೂದಲೆಳೆಯಂಥದು ಬಿರಿದಿದ್ದರೆ
ಅಲ್ಲಿ ಬೇಕು, ಈ ರಾತ್ರಿಯೇ ಬೇಕು.
ಎರಡೂ ಕಡೆ ಹರಿಯುವುದು ಒಂದೇ ರಕ್ತ.
ಇವತ್ತಿನ ಗುಳಿಗೆ ತಡೆಯಿರಿ ಅಂದಿದ್ದಾರೆ;
ಕಾಗದದಲ್ಲಿ ಮಡಚಿದ್ದು ನನ್ನ ಮೇಜಿನ ಮೇಲಿದೆ.

ಹನ್ನೊಂದು. ಹೆಸರು? ಹೇಳಿದಳು. ಊರು? ಹೇಳಿದಳು.
ಕೈ ಹಿಂಡಿ ಅಂದೆ. ನನ್ನ ಬೆರಳು ನೆಟಿಕೆ ಮುರಿಯಿತು.
ಹನ್ನೆರಡು. "ಮತ್ತೆ ಅದೇ ಹೆಸರು, ಬರೆದುಕೋ."
ಒಂದು. ಕರೆಂಟು ಹೋಯಿತು, ಫ್ಯಾನು ನಿಂತಿತು.
ಆಗ ಕೇಳಿಸಿತು, ಟಿಕ್ ಟಿಕ್.
ಗಡಿಯಾರಕ್ಕೆಂದು ಗೋಡೆ ಹುಡುಕಿದೆ. ಗೋಡೆ ಬರಿದು.
"ಗಂಡ ಇದನ್ನು ಕೇಳುತ್ತಲೇ ಮಲಗೋದು," ಕತ್ತಲು ಮಾತಾಡಿತು,
"ದೋಣಿಯ ಮೇಲೆ ಅವನಿಗೆ ನಿದ್ದೆ ಬರೋದಿಲ್ಲ."

ಮೂರಕ್ಕೆ ಭುಜ ಅಲುಗಿಸಿದೆ. ಇವತ್ತು ಯಾವ ವಾರ?
ಕಣ್ಣು ತೆರೆಯದೆ ಅಂದಳು: ಬ್ರೇಸ್ತಾರ.
ಇನ್ನೊಮ್ಮೆ ಕೇಳಿದೆ. ಬ್ರೇಸ್ತಾರ.
ನಾಲಿಗೆ ತೊದಲುತ್ತಿದೆ ಎಂದು ನನ್ನ ಕಾಲು ಓಡಿತು,
ಡಾಕ್ಟರನ್ನು ಎಬ್ಬಿಸಿತು, ಸ್ಕ್ಯಾನಿನ ಹುಡುಗನನ್ನು ಎಬ್ಬಿಸಿತು.
ಸ್ಟ್ರೆಚರಿನ ಗಾಲಿ ಕಿರುಗುಟ್ಟುತ್ತಿದ್ದಾಗ
ನೆಲ ಒರೆಸುತ್ತಿದ್ದ ಪಾಸ್ಕೀನ್‌ಬಾಯಿ ಬಟ್ಟೆ ಹಿಂಡುತ್ತ ಕೇಳಿದಳು:
"ಗುರುವಾರ ಅಂದ್ರೆ ಏನು ತಪ್ಪು ಸಿಸ್ಟರ್?
ನಮ್ಮ ಕೊಂಕಣಿಯಲ್ಲಿ ಬ್ರೇಸ್ತಾರ."

ನನ್ನ ಹಾಳೆಯಲ್ಲಿ ಇನ್ನೂ ಬುಧವಾರವೇ ಇತ್ತು.
ಮೂರು ತಾಸಿನಿಂದ ದಿನ ತಪ್ಪಿದ್ದವಳು ನಾನು.

ಡಾಕ್ಟರು ಬೈಯಲಿಲ್ಲ. ಆಕಳಿಸುತ್ತ ಅಂದರು,
ಎದ್ದದ್ದು ಎದ್ದಾಗಿದೆ, ನೋಡಿಯೇ ಬಿಡೋಣ.
ಪರದೆಯ ಮೇಲೆ ಎಲುಬಿಗೆ ಅಂಟಿಕೊಂಡು ಒಂದು ಬಿಳಿ ಎಳೆ,
ಕತ್ತರಿಸಿದ ಉಗುರಿನಷ್ಟು.
ಸರಿಯಾದ ವಾರ ಹೇಳುತ್ತಲೇ
ಒಳಗೆ ಜಿನುಗುತ್ತಿದ್ದಳು.

ಹೆಪ್ಪಿನ ಚುಚ್ಚುಮದ್ದು ಕೊಟ್ಟವಳೂ ನಾನೇ.
ಅಲುಗಿಸಬ್ಯಾಡ, ಅಂದುಕೊಂಡೆ. ಯಾರಿಗೆಂದು ಗೊತ್ತಿಲ್ಲ.

ಬೆಳಗಾಗುವ ಮುನ್ನ ಆಂಬುಲೆನ್ಸು ಕಾಳಿ ಸೇತುವೆ ದಾಟಿತು, ಗೋವೆಗೆ.
ಅಲ್ಲಿ ಬ್ರೇಸ್ತಾರ ಅಂದರೆ ಯಾರೂ ಓಡುವುದಿಲ್ಲ.

ಎಂಟಾಯಿತು. ಫೋನು ಬಂದಿಲ್ಲ.
ಪಾಳಿ ಮುಗಿದರೂ ಕೂತಿದ್ದೇನೆ. ಮೇಜಿನ ಮೇಲೆ ಆ ಗುಳಿಗೆ,
ಅದರ ಪಕ್ಕ ಆಕೆ ಮರೆತುಹೋದ ಸಿಂಬೆ,
ಇನ್ನೂ ಒದ್ದೆ, ಬಂಗಡೆಯ ವಾಸನೆ.